ತಿಮ್ಮೇಶನ ಕೈತೂಕ

ಪಂಚನಹಳ್ಳಿಯಲ್ಲಿ ಮೋಟರ್ ಸುಟ್ಟುಕೊಂಡವರೆಲ್ಲ ಮೊದಲು ನನ್ನ ಹಿಟ್ಟಿನ ಗಿರಣಿಗೆ ಬಂದು, "ಲಕ್ಕಣ್ಣ, ತಿಮ್ಮೇಶ ಎಲ್ಲಿ?" ಎಂದು ಕೇಳುತ್ತಾರೆ. ನಾನೇನು ಅವನ ಗುಮಾಸ್ತನೇ? ನನ್ನ ಗಿರಣಿಗೂ ಅವನ ವೈಂಡಿಂಗ್ ಅಂಗಡಿಗೂ ನಡುವೆ ಒಂದೇ ಗೋಡೆ ಇರುವ ತಪ್ಪಿಗೆ ಇಪ್ಪತ್ತು ವರ್ಷದಿಂದ ಉತ್ತರ ಹೇಳುತ್ತಿದ್ದೇನೆ. ಸುಟ್ಟ ಮೋಟರ್ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ನೀರೆತ್ತುವ ಹಾಗೆ ಮಾಡುವುದು ಅವನ ಕಸುಬು. ಅದರಲ್ಲಿ ಅವನನ್ನು ಮೀರಿಸುವವರು ಈ ಕಡೆ ಯಾರೂ ಇಲ್ಲ.

ಅವನಿಗೊಂದು ಚಾಳಿ. ಏನೇ ಕೊಡಲಿ, ಮೊದಲು ಅಂಗೈಯಲ್ಲಿಟ್ಟು ಎತ್ತಿ ನೋಡಬೇಕು. ಸ್ಟಾರ್ಟರ್ ಆಗಲಿ, ಕೇಬಲ್ ಸುರುಳಿಯಾಗಲಿ, ನನ್ನ ಮನೆಯ ಮಿಕ್ಸಿಯಾಗಲಿ. "ಹಗುರ ಐತೆ ಕಣೋ, ಅಲ್ಯೂಮಿನಿಯಂ ಸುತ್ತವ್ರೆ" ಎಂದನೋ, ಬಿಚ್ಚಿದಾಗ ಅಲ್ಯೂಮಿನಿಯಮ್ಮೇ ಸಿಗುತ್ತಿತ್ತು. ಭಾರವಿದ್ದರೆ ತಾಮ್ರ, ತಾಮ್ರವಿದ್ದರೆ ಬಾಳಿಕೆ. ಅವನ ವಿದ್ಯೆಯೆಲ್ಲ ಇಷ್ಟೇ. ಒಂದು ಸಲವೂ ತಪ್ಪಿರಲಿಲ್ಲ.

ಅವನ ಹೆಂಡತಿ ಮಾಲಿನಿ. ಮೂರು ವರ್ಷದ ಹಿಂದೆ ಎಮ್ಮೆದೊಡ್ಡಿ ಕಾವಲಿನ ರಸ್ತೆಯಲ್ಲಿ, ಮುಸ್ಸಂಜೆ, ಬೈಕಿಗೆ ದನ ಅಡ್ಡ ಬಂದವು. ತಿಮ್ಮೇಶ ಬ್ರೇಕ್ ಹಿಡಿದ. ಅವನಿಗೆ ಮೊಣಕೈ ತರಚಿತು, ಹಿಂದೆ ಕೂತಿದ್ದ ಮಾಲಿನಿಯ ಬೆನ್ನುಮೂಳೆ ಮುರಿಯಿತು. ಗಾಬರಿಯಲ್ಲಿ ಅವನು ಅವಳನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ, ಬಂದ ಟೆಂಪೋಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ಯಾರೋ, "ಹಾಗೆ ಎತ್ತಬಾರದಿತ್ತು" ಎಂದರಂತೆ. ಅಷ್ಟೇ. ಆಮೇಲೆ ಅವನು ಅವಳನ್ನು ಎತ್ತಲೇ ಇಲ್ಲ. ಮಗ್ಗುಲು ಹೊರಳಿಸುವುದು, ಸ್ನಾನ, ಎಲ್ಲ ಅವನ ತಾಯಿ ಕಾಂತಮ್ಮ ಮತ್ತು ನನ್ನ ಹೆಂಡತಿ. ಇವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾಲ್ಕು ಜನ ಎತ್ತುವ ಮೋಟರನ್ನು ಒಬ್ಬನೇ ಎತ್ತುವ ಕೈ, ಹೆಂಡತಿಯ ಹತ್ತಿರ ಬಂದರೆ ಬೆನ್ನ ಹಿಂದೆ ಸರಿಯುತ್ತಿತ್ತು.

ಮಾಲಿನಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಒಂದು ದಿನ ಕಾಂತಮ್ಮನಿಗೆ, "ಅತ್ತೆ, ನಾನು ತಿನ್ನೋ ಅನ್ನನಾದ್ರೂ ನಾನು ದುಡೀಬೇಕು. ಇಲ್ದಿದ್ರೆ ಊಟ ಕೊಡ್ಬೇಡಿ" ಎಂದಳಂತೆ. ಎರಡು ದಿನ ತಿನ್ನಲೂ ಇಲ್ಲ. ಮುದುಕಿ ನನ್ನ ಗಿರಣಿಗೆ ಬಂದು ಅತ್ತಳು.

ದಾರಿ ತೋರಿಸಿದವಳು ಅಜ್ಜಂಪುರದ ಬೃಂದಾ, ಮಾಲಿನಿಯ ಓದಿನ ಕಾಲದ ಗೆಳತಿ. ಮನೆಯಲ್ಲೇ ಕೂತು, ಕಿವಿಗೆ ಬಂದ ಕನ್ನಡ ಮಾತನ್ನು ಕಂಪ್ಯೂಟರಿನಲ್ಲಿ ಬರಹಕ್ಕೆ ಇಳಿಸುವ ಕೆಲಸ ಅವಳದು. ಮಾಲಿನಿಗೂ ಹದಿನೈದು ದಿನದ ಪರೀಕ್ಷೆಯ ಕೆಲಸ ಕೊಡಿಸಿದಳು. ನಿಯಮ ಬಿಗಿ. ಬೆಳಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಮುಗಿಯಬೇಕು. ನಡುವೆ ಕಂಪ್ಯೂಟರ್ ಆರಿದರೆ ಆ ದಿನದ ಕೆಲಸ ಲೆಕ್ಕಕ್ಕಿಲ್ಲ. ಮೂರು ಸಲ ಹಾಗಾದರೆ ಮನೆಗೆ ಕಳಿಸುತ್ತಾರೆ. ಈಗಾಗಲೇ ಮನೆಯಲ್ಲೇ ಬಿದ್ದಿರುವವಳನ್ನು ಇನ್ನೆಲ್ಲಿಗೆ ಕಳಿಸುತ್ತಾರೋ!

ಮಲಗಿದವಳ ಕಣ್ಣಿನ ಎತ್ತರಕ್ಕೆ ಪರದೆ ಬೇಕು, ಹೊಟ್ಟೆಯ ಮೇಲಿನ ಹಲಗೆಗೆ ಕೀಬೋರ್ಡ್ ಬೇಕು. ಲ್ಯಾಪ್‌ಟಾಪ್ ಒಗ್ಗುವುದಿಲ್ಲ. "ನಾನೇ ಕಟ್ತೀನಿ" ಎಂದ ತಿಮ್ಮೇಶ. ತರೀಕೆರೆಯಲ್ಲಿ ಮುಚ್ಚಿದ ಕಂಪ್ಯೂಟರ್ ಸೆಂಟರೊಂದರಿಂದ ಬೋರ್ಡು, ಪರದೆ, ತಗಡಿನ ಪೆಟ್ಟಿಗೆ ಎಲ್ಲ ಹೊತ್ತು ತಂದ. ಮೊಬೈಲಿನಲ್ಲಿ ನೋಡಿ ನೋಡಿ ಒಂದೊಂದನ್ನೇ ಜೋಡಿಸಿದ. ಹೊಸದಾಗಿ ಕೊಳ್ಳಬೇಕಾಗಿದ್ದು ಒಂದೇ, ಮನೆಯ ಕರೆಂಟನ್ನು ಕಂಪ್ಯೂಟರಿಗೆ ಹದ ಮಾಡಿ ಕೊಡುವ ಪವರ್ ಸಪ್ಲೈ ಡಬ್ಬಿ. ಅಂಗಡಿಯವರು ಅದನ್ನು ಎಸ್‌ಎಂಪಿಎಸ್ ಅನ್ನುತ್ತಾರೆ.

ಕಡೂರಿನ ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿ ನೋಡಿಕೊಳ್ಳುವ ಸುಮನಾ ಎರಡು ಡಬ್ಬಿ ಮುಂದಿಟ್ಟಳು. ತಿಮ್ಮೇಶ ಬಲಗೈಗೊಂದು, ಎಡಗೈಗೊಂದು ತೆಗೆದುಕೊಂಡು ಕಣ್ಣು ಮುಚ್ಚಿದ.

"ಎಡಗಡೇದು ತಗೊಳ್ಳಿ ಸಾರ್" ಎಂದಳು ಸುಮನಾ. "ವೋಲ್ಟೇಜ್ ಏರುಪೇರಾದ್ರೂ ತಡ್ಕೊಳ್ಳುತ್ತೆ. ಆ ಇನ್ನೊಂದನ್ನ ತಗೊಳ್ಳಿ ಅಂತ ನಾನು ಹೇಳಲ್ಲ."

"ಇದು ಹಗುರ ಐತಲ್ಲಮ್ಮ."

"ಇದು ಮೋಟರ್ ಅಲ್ಲ ಸಾರ್. ತೂಕ ನೋಡಿ ತಗೊಳ್ಳೋದಲ್ಲ ಇದು."

"ತಾಯಿ, ನಾನು ಹುಟ್ಟಿದಾಗಿಂದ ಕರೆಂಟಲ್ಲೇ ಅವ್ನಿ" ಎಂದು ನಕ್ಕು ತಿಮ್ಮೇಶ ಎರಡನ್ನೂ ನನ್ನ ಕೈಗಿಟ್ಟ. "ನೀನೇ ಹೇಳೋ ಲಕ್ಕಣ್ಣ."

ನಾನು, ದೊಡ್ಡ ಪಂಡಿತ, ಎತ್ತಿ ನೋಡಿದೆ. ಬಲಗಡೆಯದು ಕಲ್ಲಿನಂತೆ ಕೂತಿತು. "ಭಾರ ಇರೋದೇ ಅಸಲಿ ಬಿಡಮ್ಮ" ಎಂದೆ. ಆ ಹುಡುಗಿ ಇನ್ನೊಂದು ಮಾತು ಹೇಳಲು ಬಾಯಿ ತೆರೆದಳು. ಇಬ್ಬರು ಗಂಡಸರ ಗತ್ತು ನೋಡಿ ಬಿಲ್ ಪುಸ್ತಕ ಎಳೆದುಕೊಂಡಳು. ಆ ಪಾಪದಲ್ಲಿ ಅರ್ಧ ನನ್ನದು.

ಮೊದಲ ವಾರ ಏನು ಸಂಭ್ರಮ! ಮಾಲಿನಿ ದಿಂಬಿಗೊರಗಿ, ಕಿವಿಗೆ ಹೆಡ್‌ಫೋನ್ ಹಾಕಿ, ಟಪಟಪ ಕುಟ್ಟುವ ಸದ್ದು ಬೀದಿಗೆ ಕೇಳುತ್ತಿತ್ತು. ಕಾಂತಮ್ಮ ನನ್ನ ಹೆಂಡತಿಗೆ, "ಇವತ್ತು ಎರಡು ರೊಟ್ಟಿ ತಿಂದ್ಲು ಕಣೇ, ಕೇಳಿ ಹಾಕಿಸ್ಕೊಂಡ್ಲು" ಎಂದಳು. ಪಂಪ್‌ಸೆಟ್ಟು ಓಡಿಸುವ ತ್ರೀ ಫೇಸ್ ಕರೆಂಟು ಆ ವಾರ ನಮ್ಮ ಲೈನಿಗೆ ರಾತ್ರಿ ಪಾಳಿ. ನಾವು ಅದನ್ನು ಯೋಚಿಸಲೇ ಇಲ್ಲ.

ಎರಡನೇ ವಾರದ ಮಂಗಳವಾರದಿಂದ ಪಾಳಿ ಹಗಲಿಗೆ ಬದಲಾಯಿತು. ಮಧ್ಯಾಹ್ನ ಒಂದೂವರೆಗೆ ತ್ರೀ ಫೇಸ್. ತಿಮ್ಮೇಶನ ಮನೆ ಊರ ಹೊರಗೆ, ಪಂಪ್‌ಸೆಟ್ಟಿನ ಲೈನಿನಲ್ಲೇ ಇದೆ. ನಮ್ಮ ಕಡೆ ಕರೆಂಟ್ ಬರುವುದನ್ನು ಕಾಯುತ್ತ ಯಾರೂ ಹೊಲದಲ್ಲಿ ಕೂರುವುದಿಲ್ಲ. ಎಲ್ಲರ ಸ್ಟಾರ್ಟರಿಗೂ ಆಟೋ ಕೂರಿಸಿರುತ್ತಾರೆ. ತ್ರೀ ಫೇಸ್ ಬಂದ ಅರೆ ನಿಮಿಷಕ್ಕೆ ಮೋಟರುಗಳೆಲ್ಲ ತಾವಾಗಿಯೇ ಎದ್ದುಬಿಡುತ್ತವೆ. ಆಗ ಮನೆಯ ಬಲ್ಬು ಒಂದು ಸಲ ಕಣ್ಣು ಮುಚ್ಚಿ ತೆಗೆಯುತ್ತದೆ. ಅವತ್ತು ಬಲ್ಬು ಹಾಗೆ ಮಿಟುಕುವಷ್ಟರಲ್ಲೇ ಕಂಪ್ಯೂಟರ್ ಆರಿಹೋಯಿತು. ಮುಗಿಯಲು ಅರ್ಧ ಗಂಟೆ ಇತ್ತು.

ತಿಮ್ಮೇಶ ತಂತಿ ಬದಲಿಸಿದ. ಅಂಗಳದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಸುರಿದು ಹೊಸ ಅರ್ತಿಂಗ್ ಮಾಡಿದ. ನನ್ನ ಮನೆಯ ಇನ್ವರ್ಟರನ್ನೇ ಹೊತ್ತು ತಂದೆವು. ಅದರ ಮೇಲೆ ಹಾಕಿದರೆ ಆ ಡಬ್ಬಿ ಗುಂಯ್ ಎನ್ನುತ್ತಿತ್ತೇ ಹೊರತು ಕಂಪ್ಯೂಟರ್ ಏಳಲಿಲ್ಲ. ಆದರೂ ಡಬ್ಬಿಯ ಮೇಲೆ ಇಬ್ಬರಿಗೂ ಅನುಮಾನ ಬರಲಿಲ್ಲ. ಅಷ್ಟು ಭಾರದ ವಸ್ತು ಕೆಟ್ಟದಿರಲು ಸಾಧ್ಯವೇ? ಬುಧವಾರ ಒಂದೂವರೆಗೆ ಮತ್ತೆ ಆರಿತು. ಮಾಲಿನಿ ಹೆಡ್‌ಫೋನ್ ತೆಗೆದು ಹಲಗೆಯ ಮೇಲಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಸಂಜೆ ಊಟ ಹಾಗೇ ವಾಪಸ್ ಬಂತು.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ತಿಮ್ಮೇಶ ನನ್ನನ್ನು ಕೂಗಿದ. ಧೂಳು ತೆಗೆಯೋಣವೆಂದು ಡಬ್ಬಿಯ ತಿರುಪು ಬಿಚ್ಚಿದ್ದ. ಒಳಗೆ ಬೆಂಕಿಪೊಟ್ಟಣದಷ್ಟು ಸರಂಜಾಮು, ಪಕ್ಕದಲ್ಲಿ ಗೋಂದು ಹಾಕಿ ಅಂಟಿಸಿದ ಕಪ್ಪು ಬಣ್ಣದ ಇಟ್ಟಿಗೆಯಂಥದ್ದು. ಅವನು ಚಾಕುವಿನಿಂದ ಕೆರೆದ. ಬೂದಿ ಬಣ್ಣದ ಪುಡಿ ಉದುರಿತು.

"ಸಿಮೆಂಟು ಕಣೋ" ಎಂದ.

"ಅವ್ರ ಮನೆ ಹಾಳಾಗ! ಯಾವನೋ ಇದನ್ನ ಮಾಡ್ದೋನು?" ಎಂದು ನಾನು ಬೀದಿಗೆ ಕೇಳುವಂತೆ ಕೂಗಾಡಿದೆ. ತಿಮ್ಮೇಶ ಕೂಗಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ನನ್ನಂಥೋರು ಎತ್ತಿ ನೋಡ್ತಾರೆ ಅಂತ ಅವನಿಗೆ ಗೊತ್ತಿತ್ತು" ಎಂದ.

ಕಡೂರಿಗೆ ಹೋಗಿ ಬರಲು ಹೊತ್ತಿಲ್ಲ, ಅಂಗಡಿ ತೆಗೆಯುವುದೇ ಹತ್ತರ ಮೇಲೆ. ಇಲ್ಲಿ ಹತ್ತಕ್ಕೆ ಶುರುವಾಗದಿದ್ದರೂ ಕೆಲಸ ಹೋಯಿತು. ಅದೇ ಡಬ್ಬಿಯನ್ನು ಮತ್ತೆ ಕೂರಿಸಿದ, ಸಿಮೆಂಟು ಮಾತ್ರ ಹೊರಗೆ. ಕಂಪ್ಯೂಟರ್ ಎದ್ದಿತು. ಮಾಲಿನಿ ಹೆಡ್‌ಫೋನ್ ಹಾಕಿಕೊಂಡಳು.

"ಮೋಟರುಗಳು ಒಟ್ಟಿಗೆ ಏಳದಿದ್ರೆ ಆಯ್ತಲ್ಲ" ಎಂದೆ ನಾನು.

ತಿಮ್ಮೇಶ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. ಆದರೆ ಮನೆಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರಿನ ಮೇಲಿದ್ದ ಊರವರ ಹದಿನಾಲ್ಕು ಮೋಟರಿಗೂ ಆಟೋ ಕೂರಿಸಿದವನು ಅವನೇ. ಬೈಕ್ ತೆಗೆದೆವು. ಹೊಲದಿಂದ ಹೊಲಕ್ಕೆ, ಪಂಪ್‌ಮನೆಯಿಂದ ಪಂಪ್‌ಮನೆಗೆ. ಬಿಸಿಲು ನೆತ್ತಿ ಸುಡುತ್ತಿತ್ತು. "ಎರಡು ಗಂಟೆವರೆಗೆ ಆಫ್ ಮಾಡಿರಪ್ಪ, ಕೈ ಮುಗೀತೀನಿ" ಎಂದು ಅವನು ಕೇಳಿದ್ದನ್ನು ನಾನು ಮರೆಯಲಾರೆ. ಯಾರ ಮುಂದೆಯೂ ಬಗ್ಗದವನು. ಕೆಲವರು ಗೊಣಗಿದರು, ಆಫ್ ಮಾಡಿದರು. ಚಿಕ್ಕಬೀರಪ್ಪನದು ದೊಡ್ಡ ಮೋಟರ್, ಮುದುಕ ಸಿಡುಕ.

"ನೀರಿನ ಹೊತ್ತಲ್ಲಿ ಆಫ್ ಮಾಡು ಅಂತೀಯಲ್ಲ, ತಲೆ ಕೆಟ್ಟೈತೇನೋ?"

ತಿಮ್ಮೇಶ ಮಾಲಿನಿಯ ಕೆಲಸದ ವಿಷಯ ಹೇಳಿ, ಅವನ ಕಾಲು ಹಿಡಿಯಲು ಬಗ್ಗಿದ. ಮುದುಕ ಹಿಂದಕ್ಕೆ ಜಿಗಿದ. "ಥೂ, ಏಳೋ! ಮಾಲಿನಿಗೋಸ್ಕರ ಅಂತ ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?" ಎಂದು ತಾನೇ ಹೋಗಿ ಆಫ್ ಮಾಡಿ, ಪಂಪ್‌ಮನೆಗೆ ಬೀಗ ಹಾಕಿದ.

ಒಂದು ಇಪ್ಪತ್ತಕ್ಕೆ ಮನೆಗೆ ಬಂದೆವು. ಮಾಲಿನಿ ಕುಟ್ಟುತ್ತಿದ್ದಳು. ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಒಂದೂವರೆಗೆ ತ್ರೀ ಫೇಸ್ ಬಂತು. ಬಲ್ಬು ಅಲುಗಲಿಲ್ಲ. ಪರದೆ ಹಾಗೇ ಉರಿಯುತ್ತಿತ್ತು. ಕಾಂತಮ್ಮ ಕೈ ಮುಗಿದಳು. ನಾನು ತಿಮ್ಮೇಶನ ಭುಜ ಹಿಡಿದು ಅಲ್ಲಾಡಿಸಿದೆ, ಗೆದ್ದೆವೆಂದುಕೊಂಡೆ.

ಆಗ ಮನೆಯ ಹಿಂದುಗಡೆ ಟಕ್ ಎಂದು ಸದ್ದಾಯಿತು.

ತಿಮ್ಮೇಶ ನನ್ನ ಮುಖ ನೋಡಿದ. ಹದಿನಾಲ್ಕು ಜನರ ಮೋಟರ್ ಆಫ್ ಮಾಡಿಸಿದ್ದೆವು. ಹದಿನೈದನೆಯದು, ಹಿತ್ತಲಲ್ಲಿದ್ದ ಅವನ ಸ್ವಂತ ಮೋಟರ್, ಅದೇ ತಂತಿಯ ಮೇಲಿನದು, ಇಬ್ಬರಿಗೂ ನೆನಪಾಗಿರಲಿಲ್ಲ. ಅವನು ಹೊಸ್ತಿಲು ದಾಟುವಷ್ಟರಲ್ಲಿ ಮೋಟರ್ ಗುಡುಗಿ ಎದ್ದಿತು, ಬಲ್ಬು ಮಂಕಾಯಿತು, ಪರದೆ ಕಪ್ಪಾಯಿತು.

ತಿಮ್ಮೇಶ ಹಿತ್ತಲಲ್ಲಿ ಸ್ಟಾರ್ಟರಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ನಾನು ಹಿಡಿದು ಎಳೆದೆ. "ಅವತ್ತೂ ನನ್ನ ಕೈಯಿಂದ್ಲೇ ಹಾಳಾದ್ಲು, ಇವತ್ತೂ ನನ್ನ ಕೈಯಿಂದ್ಲೇ. ಈ ಕೈ ಕಡಿದು ಹಾಕೋ ಲಕ್ಕಣ್ಣ" ಎಂದು ಮಗುವಿನಂತೆ ಅತ್ತ. ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ನಾನೂ ಅತ್ತೆ.

ಒಳಗಿನಿಂದ ಮಾಲಿನಿ ಕರೆದಳು. ಮೂರು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಕರೆದದ್ದು ಅದೇ ಮೊದಲು. "ಆ ಸಿಮೆಂಟು ತಗೊಂಡ್ಬನ್ನಿ ಇಲ್ಲಿ."

ತಿಮ್ಮೇಶ ತಂದು ದೂರದಿಂದಲೇ ಚಾಚಿದ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು, ಥೇಟ್ ಅವನ ಹಾಗೆಯೇ ಮೇಲೆ ಕೆಳಗೆ ಆಡಿಸಿ ನೋಡಿದಳು.

"ಇಷ್ಟು ಭಾರ ಇದ್ರೆ ನಾನೂ ಇದನ್ನೇ ತರ್ತಿದ್ದೆ" ಎಂದಳು. "ಎಷ್ಟು ಅಂತ ನಿಮ್ಮನ್ನ ನೀವೇ ಬೈಕೋತೀರಿ? ಮೂರು ವರ್ಷ ಆಯ್ತು. ನಂಗೂ ಸಾಕಾಗೈತೆ, ನೋಡಿ ನೋಡಿ."

ಸಂಜೆ ಬೃಂದಾಗೆ ಅವಳೇ ಫೋನ್ ಮಾಡಿದಳು. ಕೆಲಸ ಹೋಗಿತ್ತು. ಮುಂದಿನ ತಿಂಗಳು ಹೊಸಬರನ್ನು ತೆಗೆದುಕೊಳ್ಳುವಾಗ ಕೇಳಿ ನೋಡುತ್ತೇನೆ, ಮಾತು ಕೊಡಲಾರೆ ಎಂದಳು ಬೃಂದಾ. ಮಾಲಿನಿ ಫೋನಿಟ್ಟಳು. ಕಣ್ಣೀರು ಕಿವಿಗೆ ಇಳಿಯಿತು, ಒರೆಸಿಕೊಂಡಳು.

"ಲಕ್ಕಣ್ಣ, ನಿಮ್ಮ ಗಿರಣಿಯ ಗೂಡ್ಸ್ ಆಟೋಗೆ ಹಾಸಿಗೆ ಹಾಕಿ. ಕಡೂರಿಗೆ ನಾನೂ ಬತ್ತೀನಿ. ಆ ಹುಡುಗಿ ಹೇಳಿದ್ದನ್ನೇ ತಗೊಳ್ಳೋಣ. ನಿಮ್ಮಿಬ್ಬರನ್ನೇ ಕಳಿಸಿದ್ರೆ ಇನ್ನೊಂದು ಇಟ್ಟಿಗೆ ತರ್ತೀರಿ."

ಕಾಂತಮ್ಮ ಎತ್ತಲು ಬಂದಳು. "ನೀವು ಬೇಡ ಅತ್ತೆ" ಎಂದಳು ಮಾಲಿನಿ. "ಅವರು ಎತ್ತಲಿ."

ತಿಮ್ಮೇಶ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಕೈ ಚಾಚಿಯೇ ಇದ್ದಳು. ಕೊನೆಗೆ ಅವನು ಬಂದು, ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಗೆ ಕೊಟ್ಟು, ಕಣ್ಣು ಮುಚ್ಚಿ ಎತ್ತಿದ. ಎತ್ತಿದವನು ಅಲ್ಲೇ ನಿಂತುಬಿಟ್ಟ.

"ಮಾಲಿನಿ, ಇಷ್ಟು ಹಗುರ ಆಗ್ಬಿಟ್ಟಿದ್ದೀಯಲ್ಲೇ..."

"ತೂಕ ನೋಡ್ಬೇಡಿ, ನಡೀರಿ" ಎಂದು ಅವಳು ಅವನ ಕೊರಳು ಬಳಸಿದಳು. "ಅಂಗಡಿ ಮುಚ್ಚಿಬಿಡ್ತಾರೆ."