ಸಂತರ ಕಾಲ ಬುಡದ ಮೂರು ಕಲ್ಲು

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ನೆಟ್ಟಗೆ ಸಹಿ ಹಾಕಲು ಇಂದಿಗೂ ಬರುವುದಿಲ್ಲ. ಆದರೆ ಶಹಾಬಾದಿನಿಂದ ಸೇಡಂವರೆಗೆ ಯಾರ ಮನೆಯ ಫರ್ಸಿ ಕಲ್ಲಿನ ನೆಲದ ಮೇಲೆ ನಿಲ್ಲಿಸಿದರೂ, ಅದು ನನ್ನ ಕೆಲಸವೋ ಅಲ್ಲವೋ ಎಂದು ಕಲ್ಲಿನ ಅಂಚಿಗೆ ಬಿದ್ದ ಸುತ್ತಿಗೆ ಏಟು ನೋಡಿ ಹೇಳಬಲ್ಲೆ. ಇದನ್ನು ಜಂಬ ಎನ್ನುವಿರಾದರೆ ಎನ್ನಿ. ಇನ್ನೊಂದು ಜಂಬವೂ ಇದೆ: ಕೆಲಸ ಮುಗಿದ ಜಾಗದಲ್ಲಿ ನಾನು ಒಂದು ಚೂರು ಕಲ್ಲೂ ಬಿಡುವುದಿಲ್ಲ.

ಈ ಎರಡನೆಯ ಜಂಬವೇ ಹೋದ ಡಿಸೆಂಬರಿನಲ್ಲಿ ನನ್ನನ್ನು ಕೆಡವಿತು. ವಾಡಿಯ ಪುಟ್ಟ ಚರ್ಚಿಗೆ ನೆಲ ಹಾಸಿದ್ದೆ. ಮೂಲೆಯಲ್ಲಿ ಒಬ್ಬ ಸಂತರ ಮೂರ್ತಿ, ಕಾಲ ಬುಡದಲ್ಲಿ ಮೂರು ದುಂಡು ಕಲ್ಲು. ನನ್ನ ಆಳುಗಳು ಬಿಟ್ಟ ಕಸವೆಂದು ತೆಗೆದೆ. ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವ ಮುದುಕಿ ಮೇರಿಯಮ್ಮ ಸಂಜೆ ಬಂದವಳೇ ಎದೆ ಹಿಡಿದುಕೊಂಡಳು.

“ಮಿಸ್ತ್ರಿ, ಇಲ್ಲಿದ್ದ ಕಲ್ಲ ಏನಾದವೋ?”

“ಕಸ ಅಂತ ತೆಗದೀನಿ ಯವ್ವಾ. ನಿಮ್ಮ ಸಾಮಿಗೋಳ ಕಾಲಿಗೆ ಚುಚ್ಚಬಾರದಲ್ಲ.”

“ಕಸಾ? ಅಂಥಾ ಕಲ್ಲಿಲೇ ಹೊಡದು ಸಾಯಿಸ್ಯಾರೋ ಅವರ್ನ! ನಮ್ಮ ಮನಿಯವರು ಸಾಯೋ ವರ್ಷ ಮಳಖೇಡ ಹೊಳಿಯಾಗ ಆರಿಸಿ ತಂದಿಟ್ಟಿದ್ದು. ನಾಡದು ಇವರ ಹಬ್ಬ ಅದ!”

ನನ್ನ ಕೈಯಲ್ಲಿದ್ದ ಕರಣಿ ಅಲ್ಲೇ ನಿಂತಿತು. ಕಲ್ಲು ಅಂದರೆ ನನಗೆ ಅನ್ನ. ನೆಲ, ಮಾಡು, ಹೊಲದ ಬೇಲಿ. ಅದರಿಂದ ಒಬ್ಬ ಒಳ್ಳೆಯ ಮನುಷ್ಯನನ್ನು ಜನ ಸುತ್ತ ನಿಂತು ಕೊಂದರೆ? ಆ ಮೂರ್ತಿಯವರ ಹೆಸರು ಸಂತ ಸ್ಟೀಫನ್; ಸಾಯುವಾಗ ‘ಹೊಡೆದವರನ್ನು ಕ್ಷಮಿಸು’ ಎಂದು ದೇವರನ್ನು ಬೇಡಿಕೊಂಡರಂತೆ. ಮುದುಕಿ ಅಷ್ಟಕ್ಕೇ ಬಿಡಲಿಲ್ಲ: “ನಿಮ್ಮಂಥ ಕಲ್ಲಿನ ಕೆಲಸದವರ್ನ ಕಾಯೋರೂ ಇವರೇ.” ಕಲ್ಲಿನಿಂದ ಸತ್ತವರಿಗೇ ಕಲ್ಲು ಒಡೆಯುವವರ ಕಾವಲು! ಕಬ್ಬಿಣದ ಜಾಲರಿಯ ಮೇಲೆ ಸುಟ್ಟು ಕೊಂದ ಇನ್ನೊಬ್ಬ ಸಂತರು ಮೂರ್ತಿಯಲ್ಲಿ ಆ ಜಾಲರಿಯನ್ನೇ ಹಿಡಿದು ನಿಂತಿರುತ್ತಾರಂತೆ. ಒಬ್ಬ ಸಂತ ತಾಯಿ ತನ್ನ ಕಿತ್ತ ಕಣ್ಣುಗಳನ್ನೇ ತಟ್ಟೆಯಲ್ಲಿ ಹಿಡಿದಿರುತ್ತಾಳಂತೆ. ನಮ್ಮ ಶರಣರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪುರಾಣದಲ್ಲಿ ಕೇಳಿದ್ದೇನೆ. ಆದರೆ ನಮ್ಮ ಮನೆಯಲ್ಲಿರುವ ಅವರ ಪಟದಲ್ಲಿ ಆ ಆನೆ ಇಲ್ಲ.

ಕಸದ ಗುಡ್ಡೆಯನ್ನು ಕೆದಕಿದೆ. ನಮ್ಮ ಶಹಾಬಾದಿನ ಕಲ್ಲು ಪದರುಪದರಾಗಿ ಚಪ್ಪಟೆ. ಹೊಳೆಯ ಕಲ್ಲು ದುಂಡಗೆ, ಬೇಗ ಕಣ್ಣಿಗೆ ಬಿತ್ತು. ಒಂದು ಸಿಕ್ಕಿತು, ಎರಡು ಸಿಕ್ಕವು. ಮೂರನೆಯದು?

ಆಗ ನೆನಪಾಯಿತು. ಬಾಗಿಲ ಬಳಿಯ ಫರ್ಸಿ ಒಂದು ಮೂಲೆಗೆ ಇಳಿದಿತ್ತು. ಕೆಳಗೆ ಒತ್ತು ಕೊಡಲು ಕೈಗೆ ಸಿಕ್ಕ ಕಲ್ಲನ್ನು ಒಡೆದು ತುರುಕಿದ್ದೆ. ನಾನೇ, ಈ ಕೈಯಿಂದಲೇ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೂಡಿಸಿದ ಫರ್ಸಿಯನ್ನು ಮತ್ತೆ ಕಿತ್ತ ಮಾನಗೇಡು ನನ್ನ ಜನ್ಮದಲ್ಲಿ ಇರಲಿಲ್ಲ. ಮುದುಕಿ ಎರಡು ಕಲ್ಲನ್ನು ಸೆರಗಿನಿಂದ ಒರೆಸುತ್ತಾ ಮೂರನೆಯದಕ್ಕೆ ಕಾಯುತ್ತಿದ್ದಳು. ಫರ್ಸಿಯ ಸಂದಿಗೆ ಸಬ್ಬಲ್ಲು ಹಾಕಿ ಎಬ್ಬಿಸಿಯೇ ಬಿಟ್ಟೆ. ಮೂರು ಚೂರು ಸಿಕ್ಕವು.

“ತಪ್ಪಾತು ಯವ್ವಾ. ಇದನ್ನ ನಾನೇ ಒಡದೀನಿ,” ಎಂದೆ. ಈ ಮಾತು ನನ್ನ ಬಾಯಿಂದ ನನ್ನ ಹೆಂಡತಿಯೂ ಕೇಳಿರಲಿಲ್ಲ.

ಮುದುಕಿ ಆ ಚೂರುಗಳನ್ನೂ ಸೆರಗಿನಿಂದ ಒರೆಸಿದಳು. ಆಮೇಲೆ ಆ ಎರಡು ಕಲ್ಲಿನ ಜೊತೆ ಸಂತರ ಕಾಲ ಬುಡದಲ್ಲಿ ಒಂದೊಂದಾಗಿ ಜೋಡಿಸಿದಳು.

“ಮೂರು ಇದ್ದವು, ಐದಾದವು. ಇರಲಿ ಬಿಡು, ಹೊಡದ ಮಂದಿ ಕಮ್ಮಿ ಇದ್ರೇನು?”

ಈಗಲೂ ವಾಡಿಗೆ ಹೋದರೆ ಒಳಗೆ ಇಣುಕುತ್ತೇನೆ. ನೆಲ ನೋಡುವುದಿಲ್ಲ. ಆ ಮೂರು ಚೂರಿನ ಅಂಚು ನೋಡುತ್ತೇನೆ. ಏಟು ನನ್ನದೇ, ಥಟ್ಟನೆ ಗುರುತು ಸಿಗುತ್ತದೆ.