ಖಾಲಿ ಒಡ್ಡಿಗೆ ಉಡಿ

ಮಾಳಮಡ್ಡಿಯ ಶಾಂತಕ್ಕ, ಮಂಡಿನೋವು ಇಳಿಯಿತೇ? ಮುಗದದ ಗುರುಪಾದ, ಕೆಮ್ಮಿಗೆ ಕಷಾಯ ಕುಡಿಯುತ್ತಿದ್ದೀಯಾ? ನಾನು ಆರಾಮ ಇದ್ದೇನೆ, ಆದರೆ ಇವತ್ತು ಊರಲ್ಲಿ ಮುಖ ತೋರಿಸುವ ಹಾಗಿಲ್ಲ.

ನೆರೆ ತಡೆಯಲೆಂದು ನಮ್ಮ ಅಮ್ಮಿನಬಾವಿ ಹಳ್ಳಕ್ಕೆ ಸಣ್ಣದೊಂದು ಕಾಂಕ್ರೀಟ್ ಒಡ್ಡು ಕಟ್ಟಿದ್ದಾರಲ್ಲ, ಇವತ್ತು ಅಲ್ಲಿ ನೀರಿನ ತಾಯಿ ಗಂಗವ್ವನ ಉಡಿ ತುಂಬುವುದೆಂದು ನಿಶ್ಚಯವಾಗಿತ್ತು. ಮೊನ್ನೆ ಹೋಗಿ ನೋಡಿದರೆ ನೀರೆಲ್ಲ ಸುಮ್ಮನೆ ಹರಿದುಹೋಗುತ್ತಿದೆ. ಗೇಟು ನೋಡುವ ಫಕೀರಪ್ಪನಿಗೆ, "ಖಾಲಿ ಒಡ್ಡಿಗೆ ಉಡಿ ತುಂಬತಾರೇನಪಾ? ಎರಡು ದಿನ ಗೇಟ್ ಹಾಕು" ಎಂದೆ.

"ದೊಡ್ಡ ಮಳಿ ಬಂದ್ರ ನೀರು ಹಿಡಿಯಾಕ ಇದು ಖಾಲಿನ ಇರಬೇಕ್ರಿ, ಕಾಕಾ."

"ನನಗ ಶಾಸ್ತ್ರ ಕಲಸ್ತೀಯೇನು? ಹಾಕು!"

ಪಾಪ, ಹಾಕಿದ. ಒಡ್ಡು ತುಂಬಿತು. ಇವತ್ತು ಬೆಳಿಗ್ಗೆ ಸುರಿದ ಮಳೆಗೆ ಅಲ್ಲಿ ಜಾಗವೇ ಇರಲಿಲ್ಲ. ನೀರು ಒಡ್ಡಿನ ಹಿಂದಿರುವ ನೀಲವ್ವನ ಹೆಸರುಕಾಳಿನ ಹೊಲಕ್ಕೆ ನುಗ್ಗಿತು. ಅವಳು ನಾಳೆ ಕಾಯಿ ಬಿಡಿಸುವವಳಿದ್ದಳು.

ನಾನು ಖಣ, ತೆಂಗಿನಕಾಯಿ ಹಿಡಿದು ಹೋದಾಗ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು.

"ಬರ್ರಿ ಕಾಕಾ. ಉಡಿಗೆ ಐದು ಬೊಗಸಿ ಅಕ್ಕಿ ಸಾಕಾಗ್ತಿತ್ತು. ನೀವು ನನ್ನ ಹೊಲಾನ ಹಾಕಿಬಿಟ್ರಿ" ಎಂದಳು.

ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವಳು ನಕ್ಕಳು.

ಗೇಟು ತೆಗೆದಿದ್ದೇವೆ, ನೀರು ಇಳಿಯುತ್ತಿದೆ. ನಾಳೆ ಅವಳೊಡನೆ ಕಾಯಿ ಬಿಡಿಸಲು ಫಕೀರಪ್ಪ, ನಾನು ಇಬ್ಬರೂ ಹೋಗುತ್ತೇವೆ. ಶಾಂತಕ್ಕ, ನೆನೆದ ಹೆಸರುಕಾಯಿ ಮೊಳಕೆಯೊಡೆಯದಂತೆ ಒಣಗಿಸುವುದು ನಿನಗೆ ಗೊತ್ತು. ನನಗೆ ಬೈಯುವುದನ್ನು ಆಮೇಲೆ ಬರೆ, ಒಣಗಿಸುವ ಬಗೆಯನ್ನು ಮಾತ್ರ ಇವತ್ತೇ ಫೋನಿನಲ್ಲಿ ಬರೆದು ತಿಳಿಸು.