ಎಡಗೈಯ ಮೊಳ

"ಇವಳನ್ನ ನೀವು ಯಾವಾಗ ನೋಡಿದ್ರಿ ಮೇಡಂ?" ಹೂವಿನ ರತ್ನಮ್ಮ ನನ್ನ ಬೆನ್ನ ಹಿಂದೆ ನಿಂತು ಕೇಳಿದರು.

ಜಯನಗರ ಫೋರ್ತ್ ಬ್ಲಾಕಿನ ಹೂವಿನಂಗಡಿ ಸಾಲಿನ ಚಿತ್ರವನ್ನು ಅಲ್ಲೇ ಸ್ಟೂಲ್ ಹಾಕಿಕೊಂಡು ಬಿಡಿಸುತ್ತಿದ್ದೆ. ರತ್ನಮ್ಮನ ಪಕ್ಕದ ಜಾಗ ಖಾಲಿಯಿತ್ತು. ಚಿತ್ರ ಬೋಳಾಗಿ ಕಾಣಬಾರದೆಂದು, ಸೇವಂತಿಗೆ ರಾಶಿಯ ಹಿಂದೆ ಹೂ ಅಳೆಯುವ ಹೆಂಗಸೊಬ್ಬಳನ್ನು ನಾನೇ ಕೂರಿಸಿದ್ದೆ.

"ನೋಡಿಲ್ಲಮ್ಮ, ಸುಮ್ನೆ ಬರೆದೆ" ಎಂದೆ.

ಅವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಅದು ನಮ್ಮಕ್ಕನ ಜಾಗ. ಹೋದ ವರ್ಷ ತೀರ್ಕೊಂಡ್ಲು. ಅವಳು ಎಡಗೈಲಿ ಮೊಳ ಹಾಕೋಳು. ಅದೊಂದು ಸರಿ ಮಾಡ್ತೀರಾ?"

ಬಣ್ಣ ಇನ್ನೂ ಹಸಿಯಾಗಿತ್ತು. ಚಿತ್ರದವಳ ಕೈ ಬದಲಿಸಿದೆ.

ಚಿತ್ರ ಈಗ ರತ್ನಮ್ಮನ ಮನೆಯಲ್ಲಿದೆ. ಮಲ್ಲಿಗೆ ತರಲು ಹೋದಾಗಲೆಲ್ಲ, ಒಮ್ಮೆಯೂ ನೋಡದ ಆ ಹೆಂಗಸನ್ನು ನನ್ನ ಕಣ್ಣೂ ಪಕ್ಕದ ಜಾಗದಲ್ಲಿ ಹುಡುಕುತ್ತದೆ.